ಅರಿಷಿಣ ಕುಡಿದ ಗಾಡಿ

ಹೊಸ ಕಾರಿನ ಬಾನೆಟ್ ಎತ್ತಿದರೆ ಮೆಕ್ಯಾನಿಕ್ ಫಕೀರಪ್ಪಕಾಕಾ ಮೊದಲು ಪಕ್ಕಕ್ಕೆ ತಿರುಗಿ ಉಗುಳುತ್ತಿದ್ದ. ಮಾತು ಆಮೇಲೆ. ಬೆಟಗೇರಿಯ ಅವನ ತಗಡಿನ ಶೆಡ್ಡಿಗೆ ಬರುವವರಿಗೆಲ್ಲ ಇದು ಗೊತ್ತಿತ್ತು, ಗೊತ್ತಿದ್ದೂ ಬರುತ್ತಿದ್ದರು.

"ಇಂಜಿನ್ನಿಗೆ ಪ್ಲಾಸ್ಟಿಕ್ ಮುಚ್ಚಳ ಯಾಕ್ರಿ? ಅದಕ್ಕೇನು ನಾಚಿಕಿ?"

ಅವನದೊಂದು ಹಳೆಯ ಅಂಬಾಸಿಡರ್ ಇತ್ತು. ಮುಂದೆ ಹ್ಯಾಂಡಲ್ ಹಾಕಿ ತಿರುವಿದರೆ ಮೂರನೇ ಸುತ್ತಿಗೆ ಕೆಮ್ಮಿ ಎಚ್ಚರಾಗುತ್ತಿತ್ತು. ದಸರೆಯ ಖಂಡೆಪೂಜೆಯ ದಿನ ಊರೆಲ್ಲ ನಿಂತ ಗಾಡಿಗೇ ಹಾರ ಹಾಕುತ್ತದೆ. ಇವನು ಮಾತ್ರ ಇಂಜಿನ್ ನಡುಗತೊಡಗಿದ ಮೇಲೆಯೇ ವಿಭೂತಿ ಹಚ್ಚುತ್ತಿದ್ದ. "ಉಸಿರಿಲ್ಲದ್ದಕ್ಕ ಎಂಥಾ ಪೂಜಿ?"

ನನ್ನ ಬಿ.ಎ. ಕಡೆಯ ಪರೀಕ್ಷೆಯ ದಿನ ನಮ್ಮೂರು ಸೊರಟೂರಿಗೆ ಬಸ್ಸೇ ಬರಲಿಲ್ಲ. ನಮ್ಮ ಮನೆತನದಲ್ಲಿ ಅದುವರೆಗೆ ಎಲ್ಲರದೂ ಹೆಬ್ಬೆಟ್ಟೇ. ನಾನು ತಪ್ಪಿದರೆ ಮತ್ತೊಂದು ವರ್ಷ ಕಲಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಯಾರದೋ ಟ್ರ್ಯಾಕ್ಟರ್ ರಿಪೇರಿಗೆ ಬಂದಿದ್ದ ಕಾಕಾ "ಹತ್ತಲೇ ತಮ್ಮಾ" ಎಂದ. ಅರ್ಧ ದಾರಿಗೆ ರೇಡಿಯೇಟರ್ ಸೋರಿ ಹಬೆ ಎದ್ದಿತು. ನಾನು ಅತ್ತೇಬಿಟ್ಟೆ. ಅವನು ದಾರಿಬದಿಯ ಅಂಗಡಿಯಿಂದ ಅರಿಷಿಣಪುಡಿ ತಂದು ನೀರಿನ ಜೊತೆ ಒಳಗೆ ಸುರಿದ.

"ಅಳಬ್ಯಾಡಲೇ. ಗಾಯಾದ್ರ ನಿಮ್ಮವ್ವ ಏನ ಹಚ್ಚತಾಳ? ಇದಕ್ಕೂ ಅದ ಮದ್ದು."

ಸೋರುವುದು ನಿಂತಿತು. ಸಾರಿನ ವಾಸನೆ ಬಿಡುತ್ತ ಗಾಡಿ ಗದಗ ಮುಟ್ಟಿತು. ಗಂಟೆ ಬಾರಿಸುವಾಗ ನಾನು ಪರೀಕ್ಷೆಯ ಕೋಣೆಯ ಬಾಗಿಲಲ್ಲಿದ್ದೆ. ಪದವಿ ನನ್ನ ದುಡಿಮೆಯದೇ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಆ ಬಾಗಿಲು ಮುಟ್ಟಿಸಿದ್ದು ಆ ಗಾಡಿ.

ನೌಕರಿ ಸಿಕ್ಕು ಹೊಸ ಕಾರು ಕೊಂಡಾಗ ಖಂಡೆಪೂಜೆಗೆ ಅವನ ಶೆಡ್ಡಿಗೇ ಒಯ್ದೆ. ಕಾಕಾ ಪದ್ಧತಿಯಂತೆ ಉಗುಳಿ, ವಿಭೂತಿ ಹಿಡಿದು ನಿಂತು, "ಚಾಲೂ ಮಾಡು" ಎಂದ. ಗುಂಡಿ ಒತ್ತಿದೆ. ಕಾರು ಜಪ್ಪಯ್ಯ ಎನ್ನಲಿಲ್ಲ. ಕೀಲಿಕೈಯೊಳಗಿನ ಸೆಲ್ಲು ತೀರಿತ್ತು.

"ಕೀಲಿಕೈಗೂ ಸೆಲ್ಲಾ? ಥೂ! ಡಿಗ್ರಿ ಮಾಡಿದಾಂವ, ನೋಡಿ ತರಬಾರದೇನೋ?"

ನಕ್ಕು, ತನ್ನ ಗಾಡಿಯ ಹ್ಯಾಂಡಲ್ ತಂದು ನನ್ನ ಕೈಗಿಟ್ಟ. "ನನ್ನ ರಟ್ಟಿ ಸೋತಾವು. ಈ ಗಾಡಿ ನೀ ಒಯ್ಯಿ. ರೊಕ್ಕ ಬ್ಯಾಡ. ವಾರಕ್ಕೊಮ್ಮೆ ಉಸಿರು ಕೊಡು, ಸಾಕು."

"ನಿಲ್ಲಸಾಕ ಜಾಗಾ ಇಲ್ಲ ಕಾಕಾ."

ಸುಳ್ಳು. ಮನೆಯ ಮುಂದೆ ಜಾಗವಿತ್ತು. ಹೊಸ ಕಾರಿನ ಪಕ್ಕ ಆ ಮುದಿಗಾಡಿ ನಿಂತರೆ ಓಣಿಯವರು ಏನೆಂದಾರು ಎಂಬುದೇ ನನ್ನ ಚಿಂತೆ. ಕಾಕಾ ಹ್ಯಾಂಡಲ್ ತಿರುಗಿ ತಗೊಂಡ. ಅದೇ ಕೊನೆಯ ಭೇಟಿ.

ಅವನು ತೀರಿಹೋದ ಮೇಲೆ ಗಾಡಿ ಯಾರ‍್ಯಾರ ಕೈಗೋ ಬಿತ್ತು. ಮೊನ್ನೆ ಲಕ್ಷ್ಮೇಶ್ವರದ ದಾರಿಯಲ್ಲಿ ಒಂದು ಹೋಟೆಲಿನ ಅಂಗಳದಲ್ಲಿ ಕಂಡೆ. ಗುಲಾಬಿ ಬಣ್ಣ ಬಳಿದಿದ್ದಾರೆ, ನಂಬರು ಮಾತ್ರ ಅದೇ. ಜನ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎತ್ತಿ ನಿಲ್ಲಿಸಿದ ಬಾನೆಟ್ಟಿನೊಳಗೆ ಇಣುಕಿದೆ. ಇಂಜಿನ್ ಇಲ್ಲ. ಆ ಜಾಗಕ್ಕೆ ಮಣ್ಣು ತುಂಬಿ ಪ್ಲಾಸ್ಟಿಕ್ ಹೂ ನೆಟ್ಟಿದ್ದಾರೆ.

"ಸರ, ನೀವೂ ನಿಂದರ್ರಿ, ಒಂದು ಫೋಟೋ ಹೊಡಿತೇನಿ" ಎಂದ ಹೋಟೆಲಿನವನು.

ನಾನು ಪಕ್ಕಕ್ಕೆ ತಿರುಗಿ ಉಗುಳಿದೆ.

"ಯಾಕ್ರಿ ಸರ, ಹೊಲಸು ವಾಸನಿ ಬಂತೇನ್ರಿ?"

"ಹೂಂ" ಎಂದೆ. "ನಂದ ವಾಸನಿ."