ಪಮೇಲಮ್ಮನ ಮನೆಯ ಶಂಕರಲಿಂಗಪ್ಪ

ಚನ್ನರಾಯನದುರ್ಗದ ಶಂಕರಲಿಂಗಪ್ಪನಿಗೆ ಇಂಗ್ಲಿಷ್ ಬರುತ್ತಿತ್ತು. ಶಾಲೆಯಲ್ಲಿ ಕಲಿತದ್ದಲ್ಲ. ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಹಾಸಿಗೆಯ ಬಟ್ಟೆ ಬದಲಿಸುತ್ತ, ಫಾರಿನ್ನಿನವರ ಪೆಟ್ಟಿಗೆ ಹೊರುತ್ತ ಕಿವಿಯಿಂದಲೇ ಹಿಡಿದದ್ದು. ಹೋಟೆಲು ಬೇರೆಯವರ ಕೈಗೆ ಹೋಗಿ ಹಳಬರನ್ನೆಲ್ಲ ತೆಗೆದಾಗ ಊರಿಗೆ ವಾಪಸು ಬಂದ. ಊರಿನಲ್ಲಿ ಆ ಇಂಗ್ಲಿಷ್ ಯಾರಿಗೆ ಬೇಕು? ಬೆಟ್ಟ ಹತ್ತಲು ಬರುವ ಹುಡುಗರೊಂದಿಗೆ ಮಾತಾಡುತ್ತ ಕಟ್ಟೆಯ ಮೇಲೆ ಕೂರುತ್ತಿದ್ದ ಅವನನ್ನು ಜನ ‘ಏನ್ಲಾ ದೊರೆ’ ಎಂದು ಕಿಚಾಯಿಸುತ್ತಿದ್ದರು.

ಅವನ ದೆಸೆ ತಿರುಗಿದ್ದು ಡಾಕ್ಟರ್ ಚಂದ್ರಶೇಖರ್ ಸತ್ತಾಗ. ಇಂಗ್ಲೆಂಡಿನಲ್ಲಿ ಜೀವಮಾನವೆಲ್ಲ ದುಡಿದ ಆ ಡಾಕ್ಟರು ಹೆಂಡತಿ ಪಮೇಲಾಳನ್ನು ಕರೆದುಕೊಂಡು ಹುಟ್ಟೂರಿಗೆ ಬಂದು, ಬೆಟ್ಟದ ಬುಡದಲ್ಲಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶವಾಗಿ ವರ್ಷ ತುಂಬುವುದರೊಳಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಪಮೇಲಾ ವಾಪಸು ಹೋಗಲಿಲ್ಲ. ಗಂಡನ ಸಮಾಧಿ ಇಲ್ಲಿದೆ, ಅಲ್ಲಿ ತನಗೆ ಯಾರೂ ಇಲ್ಲ ಎಂದಳು. ಆದರೆ ಆಕೆಗೆ ಕನ್ನಡದ ಒಂದಕ್ಷರವೂ ಬಾರದು. ಗಂಡನೇ ಆಕೆಯ ನಾಲಗೆಯಾಗಿದ್ದ. ಆ ಜಾಗಕ್ಕೆ ಶಂಕರಲಿಂಗಪ್ಪ ಬಂದ.

ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ, ಮೋಟರು ಯಾವಾಗ ಹಾಕಬೇಕು, ಕೋತಿಗಳು ಹೆಂಚು ತೆಗೆದರೆ ಯಾರನ್ನು ಕರೆಸಬೇಕು, ಸಕ್ಕರೆ ಡಬ್ಬಿಗೆ ಇರುವೆ ಹತ್ತದಂತೆ ಏನು ಮಾಡಬೇಕು, ಎಲ್ಲಕ್ಕೂ ಅವನೇ. ಕೊರಟಗೆರೆಯಿಂದ ಗ್ಯಾಸ್ ತರುವವನು ಅವನು. ಕಾರು ಓಡಿಸುವವನು ಅವನು. ವೀಸಾ ಕೆಲಸಕ್ಕೆ ಬೆಂಗಳೂರಿನ ಕಚೇರಿಯಲ್ಲಿ ಸಾಲು ನಿಲ್ಲುವವನೂ ಅವನೇ. ಊರವರ ‘ಪಮೇಲಮ್ಮ’ನಿಗೆ ಏನು ಹೇಳಬೇಕಾದರೂ ಅವನ ಮೂಲಕವೇ ಹೇಳಬೇಕಿತ್ತು. ಕಿಚಾಯಿಸುತ್ತಿದ್ದವರು ಈಗ ‘ಶಂಕ್ರಣ್ಣ’ ಎನ್ನತೊಡಗಿದರು.

ಆ ರುಚಿ ಅವನಿಗೆ ಹತ್ತಿತು. ಪಕ್ಕದ ತೋಟದ ತಿಮ್ಮರಾಯಪ್ಪ ಮಗಳ ಮದುವೆಗೆ ಕರೆಯಲು ಬಂದಾಗ, “ವಿಧವೆಯರು ಬರಬಾರದು ಅಂತ ತಿಳಿಸೋಕೆ ಬಂದಿದ್ದಾರೆ” ಎಂದು ಪಮೇಲಾಳಿಗೆ ಇಂಗ್ಲಿಷಿನಲ್ಲಿ ಹೇಳಿದ. ಆಕೆಯ ಮುಖ ಸಣ್ಣದಾಯಿತು. ತಿಮ್ಮರಾಯಪ್ಪನ ಕಡೆ ತಿರುಗಿ, “ನಿಮ್ಮನೇಲಿ ಬಾತ್‌ರೂಮ್ ಸರಿಯಿಲ್ವಂತೆ, ಬರಕ್ಕಾಗಲ್ಲ ಅಂತವ್ರೆ” ಎಂದ. ಇಬ್ಬರಿಗೂ ನೋವಾಯಿತು. ಇಬ್ಬರೂ ಅವನನ್ನೇ ನಂಬಿದರು.

ಒಬ್ಬಳು ಮಾತ್ರ ಅವನ ಕೈಗೆ ಸಿಗಲಿಲ್ಲ. ಹಾಲು ತರುತ್ತಿದ್ದ ಲಕ್ಷ್ಮೀದೇವಿ. ಗಂಡ ತೀರಿಕೊಂಡಿದ್ದ ಅವಳಿಗೆ ಒಂದು ಹಸು, ಒಬ್ಬಳು ಮಗಳು, ಸ್ಪಂದನಾ. ಹಾಲು ಅಳೆದು ಹಾಕಿ ಜಗಲಿಯ ಮೇಲೆ ಕೂತು, ಕೈಸನ್ನೆಯಲ್ಲೇ ಪಮೇಲಾಳ ಜೊತೆ ಮಾತಿಗಿಳಿಯುತ್ತಿದ್ದಳು. “ಇದು ಹಾಲು. ಇದು ಚೊಂಬು. ಅನ್ನಿ ನೋಡಾನ.” ಪಮೇಲಾ “ಸೊಂಬು” ಎಂದರೆ ಇಬ್ಬರೂ ಬಿದ್ದು ಬಿದ್ದು ನಗುವರು. ಕಾರು ಒರೆಸುತ್ತಿದ್ದ ಶಂಕರಲಿಂಗಪ್ಪನಿಗೆ ಆ ನಗು ಕೇಳಿಸುತ್ತಿತ್ತು. ಪಮೇಲಾ ಕನ್ನಡ ಕಲಿತರೆ ತನ್ನ ಗತಿ ಮತ್ತೆ ಆ ಕಟ್ಟೆಯೇ ಎಂದು ಅವನಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಲಕ್ಷ್ಮೀದೇವಿ ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿಬಂದಳು. ಕಡಲೆಕಾಯಿ ಹೊಲದಲ್ಲಿ ಮಗಳಿಗೆ ಹಾವು ಕಚ್ಚಿತ್ತು. ಊರಿನ ಆಟೋಗಳು ಬಾಡಿಗೆಗೆ ಹೋಗಿದ್ದವು.

“ಶಂಕ್ರಣ್ಣ, ಕೊಳಕುಮಂಡಲ ಕಚ್ಬುಡ್ತು ಮಗೀಗೆ! ಕಾರು ತಗಿಯಣ್ಣ, ಅಮ್ಮಾವ್ರಿಗೆ ಹೇಳಣ್ಣ!”

ಪಮೇಲಾ ಜಗಲಿಗೆ ಬಂದು ಏನೆಂದು ಕೇಳಿದಳು. ಶಂಕರಲಿಂಗಪ್ಪ ಅವಳ ಮುಖ ನೋಡಿದ, ಇವಳ ಮುಖ ನೋಡಿದ.

“ಮಗಳಿಗೆ ಹೊಟ್ಟೆನೋವಂತೆ ಮೇಡಂ, ಅದಕ್ಕೇ ಇಷ್ಟು ಗಾಬರಿ. ನಾಲ್ಕು ದಿನ ಹಾಲು ತರೋಕಾಗಲ್ಲ ಅಂತಾಳೆ” ಎಂದ, ಇಂಗ್ಲಿಷಿನಲ್ಲಿ.

“ಅಯ್ಯೋ ಪಾಪ, ಎಷ್ಟು ದಿನ ಬೇಕಾದರೂ ಮನೆಯಲ್ಲಿರಲಿ” ಎಂದಳು ಪಮೇಲಾ. ಹಾಗೆ ಹೇಳುತ್ತ ಲಕ್ಷ್ಮೀದೇವಿಯನ್ನು ನೋಡಿ ಧೈರ್ಯ ಹೇಳುವಂತೆ ಅಕ್ಕರೆಯಿಂದ ನಕ್ಕು ಕೈಬೀಸಿದಳು.

“ಕಾರು ಕೊಡಕ್ಕಾಗಲ್ವಂತೆ ಕಣಮ್ಮ” ಎಂದ ಶಂಕರಲಿಂಗಪ್ಪ.

ಲಕ್ಷ್ಮೀದೇವಿ ಆ ನಗುವನ್ನೇ ಒಂದು ಗಳಿಗೆ ನೋಡಿ, ಬಂದ ದಾರಿಯಲ್ಲಿ ಓಡಿದಳು. ಹಾಲಿನ ಟೆಂಪೋ ಒಂದು ಸಿಕ್ಕಿತು. ಸ್ಪಂದನಾ ಕೊರಟಗೆರೆ ಮುಟ್ಟುವ ಮೊದಲೇ ತಾಯಿಯ ತೊಡೆಯ ಮೇಲೆ ತಣ್ಣಗಾದಳು.

ಹುಡುಗಿ ಜ್ವರದಿಂದ ತೀರಿಕೊಂಡಳು ಎಂದು ಶಂಕರಲಿಂಗಪ್ಪ ಪಮೇಲಾಳಿಗೆ ಹೇಳಿದ. ನೋಡಲು ಹೋಗುತ್ತೇನೆಂದು ಆಕೆ ಹೊರಟಾಗ, ಸೂತಕದ ಮನೆಗೆ ಹೊರಗಿನವರು ಕಾಲಿಡಬಾರದು ಎಂದು ತಡೆದ. ಕಾರು ಕೊಡಲಿಲ್ಲವೆಂಬ ಮಾತು ಹಬ್ಬಿ, ಅಂದಿನಿಂದ ಆಕೆಗೆ ಊರಿನಲ್ಲಿ ಯಾರೂ ಮುಖ ಕೊಡಲಿಲ್ಲ. ತರಕಾರಿಯವಳು ಗೇಟಿನ ಮುಂದೆ ನಿಲ್ಲದೆ ಹೋದಳು. ಹುಡುಗರು ಕಾಂಪೌಂಡಿನೊಳಕ್ಕೆ ಕಲ್ಲು ತೂರಿದರು. “ಫಾರಿನ್ನಿನವರನ್ನ ಕಂಡರೆ ಇಲ್ಲಿಯವರು ಹೀಗೇ ಮೇಡಂ” ಎಂದು ಶಂಕರಲಿಂಗಪ್ಪ ಸಮಾಧಾನ ಹೇಳಿದ. ಆ ಮನೆಯಲ್ಲಿ ಅವನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಯ ದನಿ ಇಲ್ಲದಾಯಿತು.

ಒಂಟಿತನವೇ ಪಮೇಲಾಳಿಗೆ ಕನ್ನಡ ಕಲಿಸಿತು. ಮೊಬೈಲಿನ ಪಾಠಗಳನ್ನು ಕೇಳಿ ಕೇಳಿ ನಾಲಗೆ ತಿರುಗಿಸಿಕೊಂಡಳು. ಮುಂದಿನ ಬೇಸಿಗೆಗೆ ನಾಲ್ಕು ಮಾತು ಕೂಡಿಸುವಷ್ಟಾಯಿತು. ಅವನು ಇಲ್ಲದ ಹೊತ್ತು ನೋಡಿ ನಡೆದುಕೊಂಡೇ ಲಕ್ಷ್ಮೀದೇವಿಯ ಮನೆಗೆ ಹೋದಳು.

“ಲಕ್ಷ್ಮೀದೇವಿ, ನೀವು ಯಾಕೆ ಬರುವುದಿಲ್ಲ? ನಾನು ಏನು ತಪ್ಪು ಮಾಡಿದೆ?”

ಕೊಟ್ಟಿಗೆ ಬಳಿಯುತ್ತಿದ್ದ ಲಕ್ಷ್ಮೀದೇವಿ ಸಗಣಿ ಕೈಯಲ್ಲೇ ಎದ್ದು ನಿಂತಳು. “ಏನ್ ತಪ್ಪು ಅಂತ ಕೇಳ್ತೀರಾ? ನನ್ ಮಗು ಹಾವು ಕಚ್ಚಿ ಸಾಯ್ತಾ ಬಿದ್ದಿತ್ತು. ಕಾರು ಕೇಳಕ್ಕೆ ಬಂದ್ರೆ ನಕ್ಕೊಂಡು ಕಳಿಸಿದ್ರಲ್ಲಮ್ಮ!”

“ಹಾವು? ಕಾರು?” ಪಮೇಲಾ ನಿಧಾನವಾಗಿ ಇನ್ನೊಮ್ಮೆ ಹೇಳಿಸಿದಳು. ಅರ್ಥವಾದಾಗ ತನ್ನ ಹೊಟ್ಟೆ ಮುಟ್ಟಿ ತೋರಿಸಿದಳು. “ಹೊಟ್ಟೆನೋವು ಅಂತ ಹೇಳಿದ. ಹೊಟ್ಟೆನೋವು.” ಲಕ್ಷ್ಮೀದೇವಿಗೂ ಆಗ ತಿಳಿಯಿತು.

ಅಂದೇ ಸಂಜೆ ಪಮೇಲಾ ಕಾರಿನ ಕೀ ಕಿತ್ತುಕೊಂಡು, “ಹೋಗು” ಎಂದಳು, ಕನ್ನಡದಲ್ಲಿ. ಶಂಕರಲಿಂಗಪ್ಪ ಹೋದ. ಲಕ್ಷ್ಮೀದೇವಿ ಊರ ಮುಂದಿನ ಕಟ್ಟೆಗೆ ಹೋಗಿ ಎಲ್ಲರ ಎದುರು ನಡೆದದ್ದನ್ನು ಹೇಳಿದಳು. ತಿಮ್ಮರಾಯಪ್ಪ ಟವೆಲು ಕೊಡವಿ, “ಆಗಿದ್ದು ಆಗೋಯ್ತು ಬುಡಮ್ಮ. ಅವನೇನು ಹಾವು ತಂದು ಬುಟ್ನಾ?” ಎಂದ. ಮಿಕ್ಕವರು ಹೌದೆಂದರು. ಶಂಕರಲಿಂಗಪ್ಪ ಅಲ್ಲೇ ಕೂತಿದ್ದ, ಬೀಡಿ ಸೇದುತ್ತ.

ಅವನಿಲ್ಲದೆ ಪಮೇಲಾಳ ಮನೆಯ ಕೆಲಸಗಳು ಒಂದೊಂದಾಗಿ ನಿಂತುಹೋದವು. ಮೋಟರು ಸುಟ್ಟಿತು. ರಿಪೇರಿಯವನು ಇವತ್ತು ನಾಳೆ ಎಂದು ಬರಲೇ ಇಲ್ಲ. ಬಕೆಟ್ಟಿನಲ್ಲಿ ನೀರು ಹೊತ್ತು ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಸುದ್ದಿ ಕೇಳಿ ಬಂದವಳು ಲಕ್ಷ್ಮೀದೇವಿ ಒಬ್ಬಳೇ. ನೀರು ತಂದಳು, ಸೌದೆ ಒಲೆ ಹೂಡಿ ಗಂಜಿ ಕಾಯಿಸಿದಳು, ಊದಿದ ಕಾಲಿಗೆ ಎಣ್ಣೆ ನೀವಿದಳು. ಪಮೇಲಾ ಅವಳ ಕೈ ಹಿಡಿದುಕೊಂಡು ಅತ್ತಳು.

ಆದರೆ ವೀಸಾದ ದಿನ ಹತ್ತಿರ ಬರುತ್ತಿತ್ತು. ಕಚೇರಿಗೆ ಹೋಗದಿದ್ದರೆ ಗಂಡನ ಸಮಾಧಿ ಬಿಟ್ಟು ತನ್ನ ದೇಶಕ್ಕೆ ಮರಳಬೇಕು. ಕುಂಟುವ ಕಾಲಿನಲ್ಲಿ ಬೆಂಗಳೂರಿಗೆ ಕರೆದೊಯ್ಯುವವರು ಯಾರು?

ಒಂದು ಬೆಳಿಗ್ಗೆ ಲಕ್ಷ್ಮೀದೇವಿ ಪಮೇಲಾಳ ಅಂಗಳ ಗುಡಿಸುತ್ತಿದ್ದಾಗ ಸ್ಕೂಟರಿನ ಸದ್ದಾಯಿತು. ಶಂಕರಲಿಂಗಪ್ಪ ಇಳಿದು, ಹಿಂದೆ ಕಟ್ಟಿದ್ದ ಸಿಲಿಂಡರನ್ನು ಹೆಗಲಿಗೇರಿಸಿದ. ಪಮೇಲಾ ಬಾಗಿಲಿಗೆ ಬಂದಳು. ಫೋನು ಮಾಡಿ ಕರೆಸಿದವಳು ಆಕೆಯೇ. ಲಕ್ಷ್ಮೀದೇವಿ ತನ್ನನ್ನು ನೋಡುತ್ತಿರುವುದು ಗೊತ್ತಿದ್ದೂ ತಲೆಯೆತ್ತದೆ, “ಒಳಗೆ ಇಡಿ” ಎಂದಳು.

“ಒಸಿ ಪಕ್ಕಕ್ಕೆ ಬಾಮ್ಮ, ಭಾರ ಐತೆ” ಎಂದ ಶಂಕರಲಿಂಗಪ್ಪ.

ಲಕ್ಷ್ಮೀದೇವಿ ಪಕ್ಕಕ್ಕೆ ಸರಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ ತನ್ನ ಮನೆಗೆ ನಡೆದಳು. ಅದೇ ತಿಂಗಳು ಹಸು ಮಾರಿ, ಸಿರಾ ಕಡೆಯ ಅಣ್ಣನ ಊರಿಗೆ ಹೊರಟುಹೋದಳು. ಶಂಕರಲಿಂಗಪ್ಪನಿಗೆ ಈಗ ಪಮೇಲಾ ತನ್ನ ಮನೆಯ ಹಿಂಭಾಗದಲ್ಲೇ ಒಂದು ಕೋಣೆ ಕೊಟ್ಟಿದ್ದಾಳೆ.