ನಲವತ್ತು ತೋರಿಸುತ್ತಿದ್ದ ಮುಳ್ಳು

ನಮ್ಮ ಯಜಮಾನರಿಗೆ ಮನುಷ್ಯರಿಗಿಂತ ಮೀಟರುಗಳ ಮೇಲೆ ನಂಬಿಕೆ ಹೆಚ್ಚು ಎಂದು ನಾನು ಎಲ್ಲರೆದುರೂ ಆಡಿಕೊಳ್ಳುತ್ತೇನೆ. ಅವರು ಬೇಸರಿಸಿಕೊಳ್ಳುವುದಿಲ್ಲ. "ಮೀಟರನ್ನೂ ನಂಬಲ್ಲ. ಪರೀಕ್ಷೆ ಮಾಡಿದ ಮೀಟರನ್ನ ಮಾತ್ರ ನಂಬ್ತೀನಿ" ಎಂದು ತಿದ್ದುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಬೇರೆಯವರು ಬಾಯಲ್ಲಿ ಹೇಳುತ್ತಾರೆ, ಈ ಮಹಾಶಯರು ಅದರ ಜೊತೆಗೇ ಸಂಸಾರ ಮಾಡುತ್ತಿದ್ದಾರೆ.

ಕೆಲಸ ಹಾಲಿನ ಡೇರಿಯಲ್ಲಿ. ಹಾಲು ಕಾಯುವ ಕೊಳವೆ, ಉಗಿಯ ಬಾಯ್ಲರು, ತಂಪು ಕೋಣೆ, ಎಲ್ಲಕ್ಕೂ ಒಂದೊಂದು ಮೀಟರು. ಅವುಗಳನ್ನು ಆರಿಸಿ ತರಿಸುವುದು, ಕೂರಿಸುವುದು, ಕೆಡದಂತೆ ನೋಡಿಕೊಳ್ಳುವುದು ಇವರ ಪಾಲಿನದು. ಹೊಸದೊಂದನ್ನು ಹಾಕುವ ಮೊದಲು ಆ ಯಂತ್ರ ನಡೆಸುವವನ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾರಂತೆ. ಅವನು ಕುಳ್ಳನೋ ಎತ್ತರದವನೋ, ವಾಲ್ವು ತಿರುಗಿಸುವಾಗ ಅವನ ಮುಖ ಯಾವ ಕಡೆಗಿರುತ್ತದೆ, ಎಲ್ಲ ನೋಡಬೇಕು. ಓದುವವನು ಬಗ್ಗಬಾರದು, ಕತ್ತು ಚಾಚಬಾರದು. ಎಲ್ಲವೂ ಸರಿಯಿದ್ದಾಗ ಮುಳ್ಳು ನಡುವೆ ನೆಟ್ಟಗೆ ನಿಂತು ದೂರದಿಂದಲೇ ಕಣ್ಣಿಗೆ ಸಮಾಧಾನ ಕೊಡಬೇಕು. ಇದೇ ನ್ಯಾಯ ನಮ್ಮ ಅಡುಗೆಮನೆಗೂ ಬಂದಿದೆ. ಗಡಿಯಾರ ನನ್ನ ಕಣ್ಣಿನ ಎತ್ತರಕ್ಕೇ ಇದೆ, ಬಂದ ನೆಂಟರೆಲ್ಲ ಅದಕ್ಕೆ ಭುಜ ತಾಗಿಸಿ ಸೊಟ್ಟ ಮಾಡಿ ಹೋಗುತ್ತಾರೆ.

ಒಮ್ಮೆ ತಪಾಸಣೆಯವರು ಬರುವ ದಿನ, ಹಾಲಿನ ಶಾಖ ತುಸು ಕಡಿಮೆ ತೋರಿಸುತ್ತಿದ್ದ ಮುಳ್ಳನ್ನು ಚೂರು ಮುಂದಕ್ಕೆ ತಿರುಗಿಸಿಬಿಡು ಎಂದು ಮೇಲಿನವರು ಹೇಳಿದರಂತೆ. "ಆ ಹಾಲನ್ನ ಮಕ್ಕಳು ಕುಡೀತಾರೆ ಸಾರ್" ಎಂದು ಇವರು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದರು. ಆ ಸಲದ ಬಡ್ತಿ ಬೇರೆಯವರಿಗೆ ಹೋಯಿತು. ಮಾವ ಮಾತ್ರ ಹೆಮ್ಮೆಯಿಂದ ಕಂಡಕಂಡವರಿಗೆಲ್ಲ ಈ ಕಥೆ ಹೇಳಿ ನಮ್ಮ ಕಿವಿ ತೂತು ಮಾಡಿದರು.

ಮಾವನೂ ಅದೇ ಡೇರಿಯವರೇ. ಬಾಯ್ಲರು ನಡೆಸಿ ನಿವೃತ್ತರಾದವರು, ಬೆಂಕಿಯ ಜೊತೆ ಬಾಳಿದ ಮನುಷ್ಯ. ಸಕ್ಕರೆ ಕಾಯಿಲೆ ಅವರ ಪಾದಗಳ ಸ್ಪರ್ಶವನ್ನು ಮೆಲ್ಲಗೆ ಕದ್ದಿತ್ತು. ಒಂದು ಬೆಳಿಗ್ಗೆ ಸ್ನಾನದ ಮನೆಯಿಂದ ಏನೋ ಗುನುಗುತ್ತಾ ಹೊರಬಂದರು. ಪಾದಗಳು ಬಿಸಿನೀರಿಗೆ ಕೆಂಪಗೆ ಬೆಂದು ಬೊಬ್ಬೆ ಎದ್ದಿದ್ದವು, ಅವರಿಗೆ ಗೊತ್ತೇ ಆಗಿರಲಿಲ್ಲ. ಇವರು ಆ ಪಾದಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಇನ್ನೊಂದು ಸಲ ಹೀಗಾದರೆ ಕಾಲು ಉಳಿಯುವುದು ಕಷ್ಟ ಎಂದರು ಡಾಕ್ಟರು.

"ಇನ್ಮೇಲೆ ನಾನೇ ಸ್ನಾನ ಮಾಡಿಸ್ತೀನಪ್ಪ."

"ನಾನೇನು ಹಸುಗೂಸಾ? ನನ್ನ ಮೈ ನಾನೇ ತೊಳ್ಕೊಳ್ಳೋಕೆ ಆಗದಿದ್ರೆ ನನಗೆ ಸ್ನಾನಾನೇ ಬೇಡ" ಎಂದು ಮಾವ ಕೂತುಬಿಟ್ಟರು. ನಿಜಕ್ಕೂ ಕೂತರು. ಹಟದಲ್ಲಿ ಅಪ್ಪನಿಗೆ ತಕ್ಕ ಮಗ, ಮಗನಿಗೆ ತಕ್ಕ ಅಪ್ಪ. ನಡುವೆ ಮೂಗು ಮುಚ್ಚಿಕೊಂಡು ಓಡಾಡಿದವಳು ನಾನು.

ಕೊನೆಗೆ ಇವರೇ ಒಂದು ದಾರಿ ಹುಡುಕಿದರು. ಬಿಸಿನೀರನ್ನೂ ತಣ್ಣೀರನ್ನೂ ತಾನೇ ಹದವಾಗಿ ಬೆರೆಸಿ ಬಿಡುವ ವಾಲ್ವೊಂದನ್ನು ತಂದು ಸ್ನಾನದ ಮನೆಯಲ್ಲಿ ಕೂರಿಸಿದರು. ಅದರ ಮುಂದೆ ಕೊಳವೆಗೆ ಅಂಗೈಯಗಲದ ತಾಪದ ಮೀಟರು, ಮಾವ ಸ್ಟೂಲಿನ ಮೇಲೆ ಕೂತರೆ ಸರಿಯಾಗಿ ಅವರ ಮುಖದೆದುರು. "ಮುಳ್ಳು ನಲವತ್ತರಲ್ಲಿದ್ರೆ ಧೈರ್ಯವಾಗಿ ಹುಯ್ಕೊಳ್ಳಿ" ಎಂದರು. ಮಾವ ಹೊಸ ಬಾಯ್ಲರು ಬಂದಂತೆ ಹಿಗ್ಗಿದರು.

ಆ ಹಿಗ್ಗು ಬಹಳ ದಿನ ಬಾಳಲಿಲ್ಲ.

"ನೀರು ತಣ್ಣಗಿದೆ ನೋಡೋ."

"ಮುಳ್ಳು ಎಷ್ಟರಲ್ಲಿದೆ ಅಪ್ಪ?"

"ನಲವತ್ತೇ. ಆದ್ರೂ ಮೈ ನಡುಗುತ್ತೆ."

"ವಯಸ್ಸಾಯ್ತಲ್ಲ, ಹಾಗನ್ಸುತ್ತೆ" ಎಂದು ಇವರು ಬೇರೆಲ್ಲೋ ನೋಡುತ್ತಿದ್ದರು.

ದಿನಾ ಇದೇ ರಗಳೆ. ಆಮೇಲೆ ಮಾವ ದೂರುವುದನ್ನು ಬಿಟ್ಟರು. ಸ್ನಾನ ಮುಗಿಸಿ ಬಂದು ಶಾಲು ಹೊದ್ದು ಮೂಲೆಯಲ್ಲಿ ಕೂರುತ್ತಿದ್ದರು. ಒಂದು ದಿನ ನನ್ನನ್ನು ಕರೆದು, "ಪಾದ ಹೋದ ಹಾಗೆ ಮೈಯೂ ಹೋಗ್ತಾ ಇದೆ ಅನ್ಸುತ್ತಮ್ಮ. ಮುಳ್ಳು ಸರಿಯಾಗೇ ಇದೆ. ಕೆಟ್ಟಿರೋದು ನಾನೇ" ಎಂದರು.

ಇಷ್ಟು ಕಾಲ ಇಂಥವರ ಜೊತೆ ಬಾಳಿ ಅಷ್ಟೂ ಕಲಿಯದಿದ್ದರೆ ಹೇಗೆ? ಇವರು ಕೆಲಸಕ್ಕೆ ಹೋದ ಮೇಲೆ ನೀರಿಗೆ ಕೈಯೊಡ್ಡಿ ನೋಡಿದೆ, ಉಗುರು ಬೆಚ್ಚಗೂ ಇರಲಿಲ್ಲ. ಮೀಟರನ್ನು ಕಳಚಿ ತಂದೆ. ಫ್ರಿಜ್ಜಿನ ಮಂಜುಗಡ್ಡೆ ಕುಟ್ಟಿ ಪಾತ್ರೆಗೆ ತುಂಬಿ, ಸ್ವಲ್ಪ ನೀರು ಹಾಕಿ, ಅದರಲ್ಲಿ ಮೀಟರಿನ ಕಡ್ಡಿಯನ್ನು ನಿಲ್ಲಿಸಿದೆ. ಕರಗುವ ಮಂಜಿನಲ್ಲಿ ಮುಳ್ಳು ಸೊನ್ನೆಗೆ ಬರಬೇಕು, ಇವರೇ ಎಷ್ಟೋ ಸಲ ಹೇಳಿದ ಮಾತು. ಅದು ಆರಕ್ಕೆ ಬಂದು ನಿಂತುಬಿಟ್ಟಿತು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಮಾವ ಕೆಟ್ಟಿರಲಿಲ್ಲ, ಮೀಟರು ಕೆಟ್ಟಿತ್ತು. ಜೊತೆಗೆ, ಗಂಡನ ಕಾಲೆಳೆಯಲು ಇಂಥ ಅವಕಾಶ ಮತ್ತೆ ಸಿಗುವುದುಂಟೇ?

ಸಂಜೆ ಇವರು ಬಂದು ಕೂರುವುದನ್ನೇ ಕಾದಿದ್ದು, ಪಾತ್ರೆಗೆ ಹೊಸ ಮಂಜುಗಡ್ಡೆ ತುಂಬಿ, ಮೀಟರಿನ ಸಮೇತ ಮಾವನ ಎದುರಿಗೇ ತಂದಿಟ್ಟೆ. "ನೋಡ್ರೀ ನಿಮ್ಮ ಸತ್ಯಸಂಧ ಮೀಟರು. ಕೆಟ್ಟು ಕೂತಿದೆ."

ಇವರು ಮುಳ್ಳನ್ನು ನೋಡಿದರು. ಮುಖ ಚಿಕ್ಕದಾಯಿತು.

"ಕೆಟ್ಟಿಲ್ಲ. ನಾನೇ ತಿರುಗಿಸಿದ್ದು."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

"ವಾಲ್ವನ್ನ ಮೂವತ್ನಾಲ್ಕಕ್ಕೆ ಇಟ್ಟಿದ್ದೆ ಅಪ್ಪ. ನಿಜ ತೋರಿಸಿದ್ರೆ ನೀವು ಸುಮ್ನಿರ್ತಿರಲಿಲ್ಲ, ನೀವೇ ಬಿಚ್ಚಿ ಜಾಸ್ತಿ ಮಾಡ್ಕೊಳ್ತಿದ್ರಿ. ನಲವತ್ತರಲ್ಲೂ ಪಾದ ಸುಡಲ್ಲ ಅಂತ ನನಗೂ ಗೊತ್ತು. ಆದ್ರೆ ಎಲ್ಲಾದ್ರೂ ವಾಲ್ವು ಕೈಕೊಟ್ರೆ? ಆ ಪಾದಾನ ಇನ್ನೊಂದು ಸಲ ಹಾಗೆ ನೋಡೋಕೆ ನನ್ನಿಂದ ಆಗಲ್ಲ."

ಮಾವ ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. "ನೀನು ಕೂರಿಸಿದ ಮುಳ್ಳು ಅಂತ ನನ್ನ ಮೈಯನ್ನೇ ನಂಬದೆ ಹೋದೆನಲ್ಲೋ" ಎಂದರು. ಅಷ್ಟೇ. ಇವರು ಅತ್ತುಬಿಟ್ಟರು. ಮದುವೆಯಾದ ಮೇಲೆ ಇವರು ಅತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸಿಟ್ಟಿನಲ್ಲಿ ಹತ್ತು ಮಾತು ಆಡಬೇಕೆಂದಿದ್ದವಳು ಹೋಗಿ ಪಕ್ಕದಲ್ಲಿ ಕೂತೆ.

ಕಣ್ಣೊರೆಸಿಕೊಂಡು ಇವರು ಅಲ್ಲೇ ಮೀಟರಿನ ಹಿಂದಿನ ತಿರುಪನ್ನು ತಿರುಗಿಸಿ, ಮುಳ್ಳನ್ನು ಸೊನ್ನೆಗೆ ತಂದು, ಅಪ್ಪನ ಮುಂದೆ ಸರಿಸಿದರು. ಮಾವ ಗಾಜಿನ ಮೇಲೆ ಬೆರಳಿನಿಂದ ತಟ್ಟಿ, ಕಾದು ನೋಡಿ, ತಲೆಯಾಡಿಸಿದರು.

ಬೆಳಿಗ್ಗೆ ನೀರು ನಲವತ್ತರಲ್ಲಿತ್ತು, ಮುಳ್ಳೂ ನಲವತ್ತರಲ್ಲಿತ್ತು. ಮಾವ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇವರು ಹೊರಗೆ ಗೋಡೆಗೊರಗಿ ನಿಂತರು. ನೀರು ಸುರಿಯುವ ಸದ್ದು, ಹಾಯೆನಿಸಿದ ಒಂದು ಉಸಿರು. ಆಮೇಲೆ ಚಿಲಕ ಸರಿಯಿತು.

"ಇದ್ದೀಯೇನೋ?"

"ಇದ್ದೀನಪ್ಪ."

"ಬೆನ್ನಿಗೆ ಕೈ ಎಟುಕ್ತಾ ಇಲ್ಲ. ಬಂದು ಸ್ವಲ್ಪ ಉಜ್ಜು."

ಇವರು ಪ್ಯಾಂಟು ಮಡಚಿಕೊಳ್ಳುವುದನ್ನೂ ಮರೆತು ಒಳಗೆ ಹೋದರು.