ಎಲೆ ಅಂಟದ ಕಾರು

ಅಧ್ಯಕ್ಷರ ಕಾರನ್ನು ಕಂಡವರು ಆ ಬೀದಿಯಲ್ಲಿ ಕಡಿಮೆ. ಅದರ ಹೊದಿಕೆಯನ್ನು ಮಾತ್ರ ಎಲ್ಲರೂ ಕಂಡಿದ್ದರು. ಮೇಲೆ ಬೂದು ಬಣ್ಣದ ದಪ್ಪ ಟಾರ್ಪಾಲು, ಅದರ ಕೆಳಗೆ ಹತ್ತಿ ಬಟ್ಟೆ, ಅದಕ್ಕೂ ಕೆಳಗೆ ಹೆಂಡತಿ ತವರಿನಿಂದ ತಂದಿದ್ದ ಮೆತ್ತನೆಯ ಕಂಬಳಿ. ಇಷ್ಟನ್ನೂ ಎತ್ತಿದರೆ ಒಳಗೆ ಕೆನೆ ಬಣ್ಣದ, ಗುಂಡು ಮೂತಿಯ, ಅಧ್ಯಕ್ಷರಿಗಿಂತ ಎರಡೇ ವರ್ಷ ಚಿಕ್ಕದಾದ ಕಾರು. ಚಳಿಗಾಲ ಬಂದಾಗೆಲ್ಲ ಹೆಂಡತಿ ಆ ಕಂಬಳಿಯನ್ನು ಕೇಳುತ್ತಿದ್ದರು. "ಬಣ್ಣಕ್ಕೆ ಗೀರು ಬೀಳುತ್ತೆ ಕಣೇ, ನೀನಾದ್ರೆ ಸ್ವೆಟರ್ ಹಾಕ್ಕೋಬಹುದು" ಎಂದು ಅಧ್ಯಕ್ಷರು ಪ್ರತಿ ವರ್ಷವೂ ಅದೇ ಉತ್ತರ ಕೊಡುತ್ತಿದ್ದರು.

ಅಧ್ಯಕ್ಷರು ಎಂದರೆ ದೇಶದ ಅಧ್ಯಕ್ಷರಲ್ಲ, ಹಳೆಯ ಕಾರು ಪ್ರೇಮಿಗಳ ಸಂಘದ ಅಧ್ಯಕ್ಷರು. ಹೊಟ್ಟೆಪಾಡಿಗೆ ಅವರು ಹಲ್ಲುಸೆಟ್ಟು ಮಾಡುತ್ತಿದ್ದರು. ದಂತವೈದ್ಯರೊಬ್ಬರ ಚಿಕಿತ್ಸಾಲಯದ ಹಿಂಬದಿಯಲ್ಲಿ ಒಂದು ಸಣ್ಣ ಕೋಣೆ. ಅಲ್ಲಿ ಮೇಣ, ಸುಣ್ಣದಂಥ ಪುಡಿ, ಗರಗರ ತಿರುಗುವ ಪಾಲಿಶ್ ಚಕ್ರ, ಕಪಾಟಿನ ತುಂಬ ಯಾರದೋ ದವಡೆಯ ಅಚ್ಚುಗಳು. ಊರಿನ ಅರ್ಧ ಮುದುಕರು ನಕ್ಕರೆ ಅದು ಇವರ ಕೈಕೆಲಸ. ಹಲ್ಲಿಗೆ ಹೊಳಪು ಕೊಡುವ ಪುಡಿಯಲ್ಲಿ ಒಂದು ಚಿಟಿಕೆಯನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ಕಾರಿನ ಬಂಪರ್ ಉಜ್ಜುತ್ತಿದ್ದರು. ಬಂಪರ್ ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ಮುಖ ನೋಡಿಕೊಂಡೇ ಅವರು ಗಡ್ಡ ಹೆರೆಯುತ್ತಿದ್ದರು.

ಕೆಲಸಕ್ಕೆ ಹೋಗುವುದು ಮಾತ್ರ ಬಸ್ಸಿನಲ್ಲಿ. ಮತ್ತೆ ಹೇಗೆ ಹೋಗಬೇಕು? ರಸ್ತೆಯಲ್ಲಿ ಧೂಳಿದೆ, ಕಲ್ಲಿದೆ, ಕಾಗೆಗಳಿವೆ, ಬೇರೆಯವರ ಸ್ಕೂಟರುಗಳಿವೆ. ಅಂಥ ಕಡೆ ಕಾರನ್ನು ಇಳಿಸುವಷ್ಟು ಕಲ್ಲುಮನಸ್ಸು ಅಧ್ಯಕ್ಷರದಲ್ಲ. ಹೀಗಾಗಿ ವರ್ಷಾನುಗಟ್ಟಲೆ ಬಸ್ಸು, ಅದೇ ಕಿಟಕಿ ಪಕ್ಕದ ಸೀಟು, ಅದೇ ಕಂಡಕ್ಟರಮ್ಮ. ಆ ಸೀಟಿನಲ್ಲಿ ಕೂತು ಅವರು ಹವಾಮಾನ ಬದಲಾವಣೆಯನ್ನು ದಿನಾ ಚಿಂದಿ ಉಡಾಯಿಸುತ್ತಿದ್ದರು.

"ಭೂಮಿ ಬಿಸಿಯಾಗ್ತಿದೆ ಅನ್ನೋದೆಲ್ಲ ಕಟ್ಟುಕತೆ. ಕಾರು ಬಿಡಿಸಿ ಎಲ್ಲರನ್ನೂ ಬಸ್ಸಿಗೆ ಹತ್ತಿಸೋಕೆ ಹೂಡಿರೋ ಸಂಚು. ಮರ್ಯಾದಸ್ಥರು ಯಾರು ರೀ ಬಸ್ಸಲ್ಲಿ ಓಡಾಡ್ತಾರೆ?"

"ನೀವು ಓಡಾಡ್ತೀರಲ್ಲ ಸಾರ್" ಎಂದರು ಕಂಡಕ್ಟರಮ್ಮ.

"ನನ್ನ ವಿಷಯ ಬೇರೆ. ನನ್ನ ಹತ್ರ ಕಾರಿದೆ."

ಸಂಘದ ಸಭೆ ನಡೆಯುತ್ತಿದ್ದುದು ಪ್ರತಿ ಭಾನುವಾರ, ಟೈರಣ್ಣನ ಅಂಗಡಿಯಲ್ಲಿ. ಟೈರು ಮಾರುವುದರಿಂದ ಆತ ಟೈರಣ್ಣ. ಅವನು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಔಷಧಿ ಅಂಗಡಿಯವರು, ಹೀಗೆ ನಾಲ್ಕಾರು ಜನ. ಕೂರಲು ಟೈರುಗಳ ಪೇರಿಕೆ. ಅಧ್ಯಕ್ಷರಿಗೆ ಲಾರಿ ಟೈರು, ಉಳಿದವರಿಗೆ ಅವರವರ ಯೋಗ್ಯತೆಗೆ ತಕ್ಕಂತೆ. ಸಂಘದ ಮೊದಲನೇ ನಿರ್ಣಯ: ನಾವೆಲ್ಲ ಚಿಕ್ಕವರಿದ್ದಾಗ ಇದ್ದ ಬಿಸಿಲಿಗಿಂತ ಈಗಿನ ಬಿಸಿಲು ಒಂದಿಷ್ಟೂ ಹೆಚ್ಚಿಲ್ಲ. ಅದನ್ನು ಅಂಗೀಕರಿಸಿದ ದಿನ ಟೇಬಲ್ ಫ್ಯಾನ್ ಯಾರ ಕಡೆ ತಿರುಗಬೇಕು ಎಂಬುದಕ್ಕೆ ಹೊಡೆದಾಟ ಒಂದೇ ಬಾಕಿ. ಕಿತ್ತಾಡಲಿ, ಬೈದಾಡಲಿ, ವಾರದಲ್ಲಿ ಅಧ್ಯಕ್ಷರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದುದು ಆ ಒಂದು ಬೆಳಗಿಗೆ.

ಹೀಗಿರುವಾಗ ಹಸಿರು ಪಕ್ಷದವರು ಚುನಾವಣೆ ಗೆದ್ದು ನಗರಸಭೆಗೆ ಬಂದರು. ಬಂದವರು ಸುಮ್ಮನಿರಬೇಕಲ್ಲ? ಒಂದು ವರ್ಷದಲ್ಲಿ ಐನೂರು ಕಿಲೋಮೀಟರಿಗಿಂತ ಕಡಿಮೆ ಓಡಿದ ಕಾರುಗಳ ಮುಂದಿನ ಗಾಜಿಗೆ ಅಂಗೈಯಗಲದ ಹಸಿರು ಎಲೆ ಅಂಟಿಸುವುದಾಗಿ ಸಾರಿದರು. ಎಲೆಯ ಕೆಳಗೆ "ಭೂಮಿಯ ಗೆಳೆಯ" ಎಂಬ ಬರಹ. ಮುಂದಿನ ಶನಿವಾರ ಮನೆಮನೆಗೆ ಬಂದು, ಕಳೆದ ವರ್ಷದ ವಿಮೆ ಚೀಟಿಯ ಅಂಕಿಗೆ ಮೀಟರ್ ತಾಳೆ ನೋಡುವುದು, ಅಂಟಿಸುವುದು. ಒಮ್ಮೆ ಅಂಟಿದರೆ ಕೆರೆದರೂ ಹೋಗದು.

ಅಧ್ಯಕ್ಷರ ಮೈ ಉರಿದು ಹೋಯಿತು. ಭಾನುವಾರ ಲಾರಿ ಟೈರಿನ ಮೇಲೆ ಎದ್ದು ನಿಂತು ಎರಡನೇ ನಿರ್ಣಯ ಮಂಡಿಸಿದರು. "ಯಾರ ಗಾಜಿನ ಮೇಲೆ ಆ ಎಲೆ ಇರುತ್ತೋ ಅವನು ನಮ್ಮವನಲ್ಲ. ಅವತ್ತಿಂದ ಸಂಘಕ್ಕೂ ಅವನಿಗೂ ಸಂಬಂಧ ಇಲ್ಲ. ಈ ಹೊಸಿಲು ದಾಟೋ ಹಾಗಿಲ್ಲ." ಎಲ್ಲರೂ ಎರಡೆರಡು ಕೈ ಎತ್ತಿದರು. ಅಧ್ಯಕ್ಷರು ಎದೆಯುಬ್ಬಿಸಿಕೊಂಡು ಬಸ್ಸು ಹತ್ತಿ ಮನೆಗೆ ಬಂದರು.

ಸಂಜೆ ಎಂದಿನಂತೆ ಮೂರೂ ಹೊದಿಕೆ ಎತ್ತಿ ಕಾರು ಒರೆಸಲು ಕೂತರು. ಸ್ಟಿಯರಿಂಗ್ ಒರೆಸಿದರು, ಗೇರಿನ ಗುಂಡು ಒರೆಸಿದರು, ಮೀಟರಿನ ಗಾಜು ಒರೆಸುತ್ತ ಒಳಗಿನ ಅಂಕಿಯನ್ನು ನೋಡಿದರು. ಕಾರು ಪ್ರೇಮಿಗಳು ಕಾರಿನಲ್ಲಿ ನೋಡದ ಜಾಗ ಅದೊಂದೇ. ಕಳೆದ ವರ್ಷದಿಂದ ಈಚೆಗೆ ಕಾರು ಓಡಿದ್ದು ಹನ್ನೊಂದು ಕಿಲೋಮೀಟರ್. ಅದರಲ್ಲೂ ಒಂದಿಷ್ಟು, ಮೋಡ ಕಂಡು ಅರ್ಧ ದಾರಿಯಿಂದ ವಾಪಸು ಬಂದದ್ದು. ಅಧ್ಯಕ್ಷರು ಗಾಜನ್ನು ಮತ್ತೊಮ್ಮೆ ಒರೆಸಿ ನೋಡಿದರು, ಅಂಕಿ ಬದಲಾಗಲಿಲ್ಲ. ಇಡೀ ಊರಿನಲ್ಲಿ ತಮ್ಮಷ್ಟು ಭೂಮಿಯ ಗೆಳೆಯ ಇನ್ನೊಬ್ಬನಿರಲಾರ.

ಲೋಕದಲ್ಲಿ ಮೀಟರನ್ನು ಹಿಂದಕ್ಕೆ ತಿರುಗಿಸುವ ಖದೀಮರುಂಟು. ಮುಂದಕ್ಕೆ ತಿರುಗಿಸಲು ಒದ್ದಾಡಿದವರು ಬಹುಶಃ ಇವರೊಬ್ಬರೇ. ಸೋಮವಾರ ಹೊರಡೋಣವೆಂದರೆ ಧೂಳು. ಮಂಗಳವಾರ ತುಂತುರು ಮಳೆ. ಬುಧವಾರ ಬೀದಿ ಕೊನೆಯಲ್ಲಿ ಡಾಂಬರು ಹಾಕುತ್ತಿದ್ದರು. ಗುರುವಾರ ಎದುರುಮನೆ ಮಕ್ಕಳು ಚೆಂಡು ಹಿಡಿದು ನಿಂತಿದ್ದವು. ಶುಕ್ರವಾರ ಬೆಳಗ್ಗೆ ಅಧ್ಯಕ್ಷರಿಗೆ ಒಂದು ಉಪಾಯ ಹೊಳೆಯಿತು. ಕಾರು ಓಡಬೇಕಾದ್ದಿಲ್ಲ, ಚಕ್ರ ತಿರುಗಿದರೆ ಸಾಕಲ್ಲ?

ಕೆಲಸಕ್ಕೆ ರಜ ಹಾಕಿದರು. ಶೆಡ್ಡಿನ ಬಾಗಿಲನ್ನು, ಯಾರಿಗೂ ಕಾಣದಂತೆ, ಒಂದು ಗೇಣು ಬಿಟ್ಟು ಮುಚ್ಚಿದರು. ಜಾಕ್ ಕೊಟ್ಟು ಕಾರಿನ ಹಿಂಬದಿ ಎತ್ತಿ, ಕೆಳಗೆ ಮರದ ದಿಮ್ಮಿ ಇಟ್ಟರು. ಚಾಲೂ ಮಾಡಿ ಗೇರು ಹಾಕಿದರೆ ಹಿಂದಿನ ಚಕ್ರಗಳು ಗಾಳಿಯಲ್ಲಿ ಸುಯ್ಯೆಂದು ತಿರುಗಿದವು. ಮೀಟರೂ ತಿರುಗಿತು. ಕಾರು ಇದ್ದಲ್ಲೇ ಇತ್ತು. ಅಧ್ಯಕ್ಷರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ತಿರುವು ಬಂದಂತೆ ಅನ್ನಿಸಿದಾಗ ತಿರುಗಿಸುತ್ತ, ಗಂಭೀರವಾಗಿ ಕೂತರು.

ಸದ್ದು ಕೇಳಿ ಹೆಂಡತಿ ಚಹಾ ಹಿಡಿದು ಬಂದರು. ಕಂಡದ್ದನ್ನು ಒಂದು ಗಳಿಗೆ ನೋಡಿದರು. ಇನ್ನೊಂದು ಬಾಗಿಲು ತೆಗೆದು ಪಕ್ಕದಲ್ಲಿ ಕೂತರು.

"ಎಲ್ಲಿಗೆ ಹೋಗ್ತಿದೀವಿ?"

"ಎಲ್ಲಿಗೂ ಇಲ್ಲ. ಐನೂರು ಕಿಲೋಮೀಟರ್ ಆಗಬೇಕು, ಅಷ್ಟೇ."

"ಸರಿ" ಎಂದು ಆಕೆ ಚಹಾ ಕುಡಿದರು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಗಾಳಿ ಹಾಕಿಕೊಂಡರು. "ರೀ, ಸೆಖೆ ಆಗ್ತಿದೆ."

"ಈ ತಿಂಗಳು ಯಾವಾಗ್ಲೂ ಹೀಗೇ."

"ಆಗಲೇ ಬಂದಾಗ ಹೀಗಿರಲಿಲ್ಲ."

"ಆಗಲೇದು ಈಗಲೇದು ಅಂತ ಲೆಕ್ಕ ಹಾಕಬಾರದು. ಸಾವಿರಾರು ವರ್ಷದ ಲೆಕ್ಕ ತಗೋಬೇಕು."

"ಹೊಗೆ ಬರ್ತಿದೆ ರೀ."

"ಹೊಗೆ ಗಿಡಗಳಿಗೆ ಒಳ್ಳೇದು."

"ಇಲ್ಲಿ ಗಿಡ ಯಾವುದಿದೆ? ನಾನಿದೀನಿ."

ಅಧ್ಯಕ್ಷರಿಗೆ ಉತ್ತರ ಕೊಡಬೇಕೆಂದಿತ್ತು. ಕೆಮ್ಮು ಬಿಡಲಿಲ್ಲ. ಕಣ್ಣಲ್ಲಿ ನೀರು, ಅಂಗಿಯ ಗುಂಡಿ ಮೂರು ಬಿಚ್ಚಿದೆ, ಕಾರು ಒರೆಸುವ ಬಟ್ಟೆಯಿಂದಲೇ ಹಣೆ ಒರೆಸಿಕೊಳ್ಳುತ್ತಿದ್ದಾರೆ. ಆಕೆ ಇಳಿದು ಹೋಗಿ ಶೆಡ್ಡಿನ ಎರಡೂ ಬಾಗಿಲನ್ನು ಹಾರುಹೊಡೆದು ಬಂದರು.

"ಅದು ತಾನಾಗೇ ಕಡಿಮೆ ಆಗ್ತಿತ್ತು" ಎಂದರು ಅಧ್ಯಕ್ಷರು, ಕೆಮ್ಮಿನ ನಡುವೆ ಸಂದು ಸಿಕ್ಕಾಗ.

ಮೀಟರ್ ತಿರುಗಿತು, ಮಧ್ಯಾಹ್ನ ಊಟದ ತಟ್ಟೆ ಕಾರಿಗೇ ಬಂತು. ಬಾಗಿಲಾಚೆ ಬೀದಿಯ ದೀಪದ ಕಂಬವೊಂದು ಕಾಣುತ್ತಿತ್ತು. ಆಕೆ ಅದನ್ನೇ ನೋಡುತ್ತಿದ್ದರು. "ಈಗ ಎಲ್ಲಿದೀವಿ?"

"ಲೆಕ್ಕಕ್ಕೆ ನಿಮ್ಮಕ್ಕನ ಊರಿಗೆ ಇನ್ನರ್ಧ ದಾರಿ."

"ಬೆಳಗ್ಗೆಯಿಂದ ಅದೇ ಕಂಬ." ಆಕೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಮದುವೆ ಆದ ಹೊಸದರಲ್ಲಿ ಒಂದು ಮಾತು ಹೇಳಿದ್ರಿ. ಈ ಕಾರಲ್ಲಿ ನಿಮ್ಮಕ್ಕನ ಮನೆಗೆ ಕರ್ಕೊಂಡು ಹೋಗ್ತೀನಿ, ಬೀದಿಯವರೆಲ್ಲ ನೋಡಬೇಕು ಅಂತ. ನಾನು ಅವಳಿಗೆ ಹೇಳಿಯೂ ಬಿಟ್ಟಿದ್ದೆ. ಪ್ರತಿ ಸಲ ಬಸ್ಸಿಳಿದಾಗ ಕಾರೆಲ್ಲಿ ಅಂತ ಅವಳು ಕೇಳ್ತಾಳೆ. ನಾನು ನಗ್ತೀನಿ. ಬೇಜಾರಾಗುತ್ತೆ, ಆದ್ರೂ ನಗ್ತೀನಿ."

ಅಧ್ಯಕ್ಷರಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಏನಾದರೂ ಹೇಳಬೇಕೆಂದು ಪೂರ್ತಿ ಆಕೆಯ ಕಡೆ ತಿರುಗಿದರು. ಅವರ ಮೈಭಾರ ಅತ್ತ ವಾಲಿತು, ಕಾರು ಅಲುಗಿತು, ಹಿಂದೆ ದಿಮ್ಮಿ ಜಾರಿತು. ತಿರುಗುತ್ತಿದ್ದ ಚಕ್ರ ನೆಲ ಮುಟ್ಟಿದ್ದೇ ತಡ, ಕಾರು ಹಗ್ಗ ಬಿಚ್ಚಿದ ಕರುವಿನಂತೆ ಶೆಡ್ಡಿನಿಂದ ಹೊರಕ್ಕೆ ನೆಗೆಯಿತು. ಬಾಗಿಲು ಆಕೆ ತೆಗೆದಿದ್ದಕ್ಕೆ ಬಚಾವು. ತಟ್ಟೆ ಹಿಂದಿನ ಸೀಟಿಗೆ ಹಾರಿತು. ಕಂಬ ಕೊನೆಗೂ ಹಿಂದಕ್ಕೆ ಹೋಯಿತು.

ಎದುರಿಗೆ ಮೊನ್ನೆಯ ಮಳೆಯ ಕೆಸರುಗುಂಡಿ. ಅಧ್ಯಕ್ಷರ ಕಾಲು ಬ್ರೇಕಿನ ಮೇಲೆ ಹೋಯಿತು.

"ನಿಲ್ಲಿಸಿದ್ರೆ ನಾನಿಳಿದು ಬಸ್ಸಲ್ಲಿ ಅಕ್ಕನ ಮನೆಗೆ ಹೋಗ್ತೀನಿ" ಎಂದರು ಹೆಂಡತಿ. ದನಿ ಏರಿಸಲಿಲ್ಲ. "ವಾಪಸು ಯಾವಾಗ ಬರ್ತೀನೋ ನನಗೇ ಗೊತ್ತಿಲ್ಲ."

ಕಾಲು ಬ್ರೇಕಿನಿಂದ ಈಚೆ ಬಂತು. ಕೆಸರು ಚಾವಣಿಯವರೆಗೂ ಎರಚಿತು. ಅಧ್ಯಕ್ಷರು ಕಣ್ಣು ಮುಚ್ಚಿ "ಅಯ್ಯೋ" ಎಂದರು, ಹೆಂಡತಿ "ಕಣ್ಣು ಬಿಡ್ರಿ, ಮುಂದೆ ಹಸು ಇದೆ" ಎಂದರು. ಊರಾಚೆ ಬಸ್ಸೊಂದು ಪಕ್ಕಕ್ಕೆ ಬಂತು. ಕಂಡಕ್ಟರಮ್ಮ ಕಿಟಕಿಯಿಂದ ತಲೆ ಹಾಕಿ "ಸಾರ್, ನಿಮ್ಮ ಸೀಟು ಖಾಲಿ ಇದೆ" ಎಂದು ಕೂಗಿದರು. ಅಧ್ಯಕ್ಷರು ಗತ್ತಿನಿಂದ ಹಾರನ್ ಒತ್ತಿದರು. ಎಷ್ಟೋ ವರ್ಷದಿಂದ ಬಾಯಿ ತೆರೆಯದ ಆ ಹಾರನ್ ಬಾತುಕೋಳಿಯಂತೆ ಅರಚಿತು. ಹೆಂಡತಿ ನಗಲು ಶುರು ಮಾಡಿದವರು ಅಕ್ಕನ ಮನೆಯ ಬಾಗಿಲವರೆಗೂ ನಗುತ್ತಲೇ ಇದ್ದರು.

ಅಕ್ಕ ಹೊರಗೆ ಬಂದು ಕಾರು ನೋಡಿದರು, ತಂಗಿಯನ್ನು ನೋಡಿದರು. "ಏನೇ, ಬಸ್ಸಿನವರು ಮುಷ್ಕರ ಮಾಡಿದಾರಾ?"

ಶನಿವಾರ ಮಧ್ಯಾಹ್ನ ಮನೆಗೆ ಬಂದಾಗ ಕಾರಿನ ಮೇಲೆ ಕೆಸರು, ಕಾಗೆಯ ಹಿಕ್ಕೆ, ಬಂಪರಿಗೆ ಒಂದು ಸೊಟ್ಟ ಗೀರು. ನಗರಸಭೆಯ ಹುಡುಗಿ ಎಲೆಗಳ ಕಟ್ಟು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಶೆಡ್ಡಿನ ಓಟ, ರಸ್ತೆಯ ಓಟ ಎಲ್ಲ ಸೇರಿ ವರ್ಷದ ಲೆಕ್ಕ ಐನೂರು ದಾಟಿತ್ತು. "ನಿಮಗೆ ಎಲೆ ಬರಲ್ಲ ಸಾರ್. ಭೂಮಿಗೆ ನೀವು ತೊಂದರೆ ಕೊಟ್ಟಿದೀರಿ" ಎಂದಳು ಪಾಪ, ಸಂಕೋಚದಿಂದ. ಅಧ್ಯಕ್ಷರು ಅವಳಿಗೆ ಕೈಮುಗಿದು ಚಹಾ ಕುಡಿಸಿ ಕಳಿಸಿದರು.

ಭಾನುವಾರ ಅವರು ಸಂಘಕ್ಕೆ ಹೋದದ್ದು ಕಾರಿನಲ್ಲಿ, ಹೆಂಡತಿಯೂ ಪಕ್ಕದಲ್ಲಿ. ಕೆಸರನ್ನು ಒರೆಸಿರಲಿಲ್ಲ, ಅದು ಈಗ ಸಾಕ್ಷಿ. ಅಂಗಡಿಯ ಮುಂದೆ ಸದಸ್ಯರೆಲ್ಲ ರಣಬಿಸಿಲಿನಲ್ಲಿ ಇಂಗು ತಿಂದ ಮಂಗಗಳಂತೆ ನಿಂತಿದ್ದರು. ಒಬ್ಬರ ಕಾರೂ ಇರಲಿಲ್ಲ. ಎಲ್ಲರೂ ಬಸ್ಸಿನಲ್ಲಿ ಬಂದಿದ್ದರು. ಎಲ್ಲರ ಕಾರಿಗೂ ಎಲೆ ಅಂಟಿತ್ತು.

"ನನ್ನದು ಆರು ಕಿಲೋಮೀಟರ್" ಎಂದ ಟೈರಣ್ಣ, ನೆಲ ನೋಡುತ್ತ. ಡ್ರಾಯಿಂಗ್ ಮೇಷ್ಟ್ರು ಎಲೆ ಕಾಣದಿರಲೆಂದು ಅದರ ಮೇಲೆ ಕೆಂಪು ಬಣ್ಣ ಬಳಿದಿದ್ದರಂತೆ. ಈಗ ಎಲೆಯ ಜೊತೆಗೆ ಒಂದು ಹಣ್ಣೂ ಇದೆಯಂತೆ.

ನಿರ್ಣಯ ನಿರ್ಣಯವೇ. ಅಧ್ಯಕ್ಷರು ಒಬ್ಬರೇ ಹೊಸಿಲು ದಾಟಿ ಲಾರಿ ಟೈರಿನ ಮೇಲೆ ಕೂತರು. ಟೈರಣ್ಣ ಸ್ವಂತ ಅಂಗಡಿಯ ಹೊರಗೆ ನಿಂತು, ಗಿರಾಕಿ ಬಂದರೆ ಏನು ಮಾಡುವುದೆಂದು ತಲೆ ಕೆರೆದುಕೊಂಡ. "ಸಭೆ ಶುರುವಾಗಿದೆ" ಎಂದರು ಅಧ್ಯಕ್ಷರು. ಟೈರುಗಳು ಕೇಳಿಸಿಕೊಂಡವು. ಫ್ಯಾನು ಪೂರ್ತಿ ಅವರ ಕಡೆಯೇ ತಿರುಗಿತ್ತು, ಜಗಳಕ್ಕೆ ಯಾರೂ ಇಲ್ಲ. ಅವರಿಗೆ ಅಳು ಬರುವಂತಾಯಿತು. ಇವರಿಲ್ಲದೆ ಇನ್ನು ಭಾನುವಾರಗಳನ್ನು ಏನು ಮಾಡುವುದು? ನಿರ್ಣಯ ವಾಪಸು ತೆಗೆಯೋಣವೆಂದರೆ ಹಾಗೆ ಕೇಳಲು ಒಬ್ಬ ಸದಸ್ಯ ಬೇಕು, ತಾವು ತಂದ ನಿರ್ಣಯವನ್ನು ಅಧ್ಯಕ್ಷರು ತಾವೇ ತೆಗೆಯುವಂತಿಲ್ಲ. ಆ ನಿಯಮವೂ ಅವರದೇ.

ಹೆಂಡತಿ ಒಳಗೆ ಬಂದು ಸ್ಕೂಟರ್ ಟೈರುಗಳ ಮೇಲೆ ಕೂತರು. "ಸದಸ್ಯೆ ಆಗೋಕೆ ಏನಿರಬೇಕು?"

"ಹಳೆ ಕಾರಲ್ಲಿ ದೂರ ಪ್ರಯಾಣ ಮಾಡಿರಬೇಕು."

"ಮಾಡಿದೀನಿ. ಎಲೆ ನಿರ್ಣಯ ತೆಗೆದುಹಾಕಿ."

"ಕಾರಣ ಹೇಳಬೇಕು ಕಣೇ. ಕಾರಣ ಇಲ್ಲದೆ ತೆಗೆಯೋ ಹಾಗಿಲ್ಲ."

"ಹೊರಗೆ ಬಿಸಿಲಿದೆ. ಮೊದಲಿನ ಹಾಗಿಲ್ಲ, ಜಾಸ್ತಿ ಆಗಿದೆ. ವಯಸ್ಸಾದವರು ನಿಂತಿದಾರೆ."

"ಅದು ಮೊದಲನೇ ನಿರ್ಣಯಕ್ಕೆ ವಿರುದ್ಧ."

"ಓ, ಹೌದಲ್ಲ." ಆಕೆ ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಬಿಸಿಲು ಜಾಸ್ತಿ ಆಗಿಲ್ಲ ಅಂದಮೇಲೆ ಅಲ್ಲೇ ನಿಂತಿರಲಿ ಬಿಡಿ."

ಅಧ್ಯಕ್ಷರು ಹೊರಗೆ ನೋಡಿದರು. ಟೈರಣ್ಣನ ಬೋಳುತಲೆ ಬಂಪರಿನಂತೆ ಹೊಳೆಯುತ್ತಿತ್ತು. ಮೇಷ್ಟ್ರು ಔಷಧಿ ಅಂಗಡಿಯವರ ನೆರಳಿನಲ್ಲಿ ನಿಲ್ಲಲು ನೋಡುತ್ತಿದ್ದರು, ಅವರು ಮೇಷ್ಟ್ರ ನೆರಳಿನಲ್ಲಿ.

"ಜಾಸ್ತಿ ಆಗಿದೆ" ಎಂದರು ಅಧ್ಯಕ್ಷರು, ಗಂಟಲಲ್ಲೇ.

"ಕೇಳಿಸಲಿಲ್ಲ" ಎಂದ ಟೈರಣ್ಣ ಹೊರಗಿನಿಂದ.

"ಬಿಸಿಲು ಜಾಸ್ತಿ ಆಗಿದೆ ಕಣ್ರಯ್ಯಾ. ಬನ್ನಿ ಒಳಗೆ."

ಅವರು ನುಗ್ಗಿ ಬಂದ ರಭಸಕ್ಕೆ ಒಂದು ಪೇರಿಕೆ ಉರುಳಿತು. ಫ್ಯಾನಿನ ಜಗಳ ಬಿಟ್ಟಲ್ಲಿಂದ ಶುರುವಾಯಿತು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ಕೂಗಾಡಿದರು, ಮುಖದ ತುಂಬ ನಗು. ಅಷ್ಟರಲ್ಲಿ ಹೊಸ ಸದಸ್ಯೆ ಕೈ ಎತ್ತಿ ತಮ್ಮದೊಂದು ನಿರ್ಣಯ ಬಾಕಿಯಿದೆ ಎಂದರು. ಅದು ಏನೆಂದು ಕೇಳಿ ಎಲ್ಲರೂ ಅಧ್ಯಕ್ಷರ ಮುಖವನ್ನೇ ನೋಡಿದರು, ಆಮೇಲೆ ಒಬ್ಬರೂ ಬಿಡದೆ ಕೈ ಎತ್ತಿದರು.

ಆ ರಾತ್ರಿ ಕಾರು ಎರಡೇ ಹೊದಿಕೆಯಲ್ಲಿ ಮಲಗಿತು. ಮನೆಯೊಳಗೆ ಸೆಖೆಯೋ ಸೆಖೆ. ಆದರೂ ಹೆಂಡತಿ ತವರಿನ ಕಂಬಳಿಯನ್ನು ಕತ್ತಿನವರೆಗೂ ಎಳೆದುಕೊಂಡು, ಬೆವರುತ್ತ, ಬೆಳಗಿನವರೆಗೂ ಅದನ್ನು ಹೊದ್ದೇ ಮಲಗಿದರು.